ನಿಮ್ಮ ಪ್ರಶ್ನೆ: ಆದಿಸಭೆಯ ಬರಹಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಹೋದ ಸಲ ಈ ಅಂಕಣದಲ್ಲಿ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕ್ರೈಸ್ತರೆಂಬ ಕಾರಣಕ್ಕೆ ತಮ್ಮನ್ನು ಹಿಡಿದುಕೊಂಡು ಹೋಗಲು ಬಂದವರಿಗೇ ಊಟ ಹಾಕಿಸಿ, ಪ್ರಾರ್ಥನೆಗೆ ಒಂದು ಗಂಟೆ ಬಿಡಿ ಎಂದು ಕೇಳಿದ ಮುದುಕ ಅವರು. ಅದನ್ನು ಓದಿದ ಮೇಲೆ ಶಿವಮೊಗ್ಗ ಜಿಲ್ಲೆಯಿಂದಲೂ, ಪಕ್ಕದ ಕೊಪ್ಪದ ಕಡೆಯಿಂದಲೂ ಪತ್ರಗಳು ಬಂದಿವೆ. ಹೊಸ ಒಡಂಬಡಿಕೆ ಮುಗಿದ ಮೇಲೆ ಬಂದ ಕ್ರೈಸ್ತರ ಬರಹಗಳನ್ನು ಓದುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ಬೈಬಲನ್ನು ಹಲವು ಸಲ ಓದಿದ್ದೇನೆ. ಪ್ರೇಷಿತರ ಕಾರ್ಯಕಲಾಪಗಳು ಪೌಲನನ್ನು ರೋಮಿನ ಬಾಡಿಗೆ ಮನೆಯಲ್ಲಿ ಬಿಟ್ಟು ನಿಂತುಬಿಡುತ್ತದೆ. ಆಮೇಲೆ ಏನಾಯ್ತು? ನಮ್ಮ ಫಾದರ್ 'ಸಭಾಪಿತೃಗಳನ್ನು ಓದಿ' ಎಂದರು. ನೆಟ್‌ನಲ್ಲಿ ಹುಡುಕಿದರೆ 38 ಸಂಪುಟ! ಎಲ್ಲಿಂದ ಶುರು ಮಾಡಲಿ?
– ನಿವೃತ್ತ ಶಿಕ್ಷಕಿ, ಭದ್ರಾವತಿ

ಉತ್ತರ: ಮೇಡಂ, ಸಭಾಪಿತೃಗಳು ಅಂದರೆ ಸಭೆಯ ಮೊದಲ ಶತಮಾನಗಳ ದೊಡ್ಡ ಬೋಧಕರು, ಬರಹಗಾರರು. ಆ 38 ಸಂಪುಟಗಳನ್ನು ಸದ್ಯಕ್ಕೆ ಮರೆತುಬಿಡಿ. 19ನೇ ಶತಮಾನದಲ್ಲಿ ಇಂಗ್ಲಿಷಿಗೆ ತಂದು ಒಟ್ಟು ಹಾಕಿದ ದೊಡ್ಡ ರಾಶಿ ಅದು. ಮೊದಲ ಸಂಪುಟದ ಮೊದಲ ಪುಟದಿಂದ ಹೊರಟವರು ಅರ್ಧದಲ್ಲೇ ಸುಸ್ತಾಗುತ್ತಾರೆ. ನಿಮಗೆ ಈಗ ಬೇಕಾಗಿರುವುದು ಸಣ್ಣ ಬರಹಗಳು. ಅದೂ ಪ್ರೇಷಿತರ, ಅಂದರೆ ಯೇಸು ಕಳಿಸಿದ ಶಿಷ್ಯರ, ಕಾಲಕ್ಕೆ ತೀರಾ ಹತ್ತಿರದವು.

'ದಿದಖೆ'ಯಿಂದ ಶುರು ಮಾಡಿ. ಹನ್ನೆರಡು ಪ್ರೇಷಿತರ ಬೋಧನೆ ಎಂದು ಅದರ ಪೂರ್ತಿ ಹೆಸರು. ಬರೆದವರ ಹೆಸರಿಲ್ಲ. ಮೊದಲನೇ ಶತಮಾನದ ಕೊನೆಯದೋ ಎರಡನೆಯದರ ಆರಂಭದ್ದೋ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಹಳಬರು ಈ ಪುಸ್ತಕದ ಹೆಸರು ಹೇಳುತ್ತಿದ್ದರು, ಪುಸ್ತಕ ಮಾತ್ರ ಸಿಗುತ್ತಿರಲಿಲ್ಲ. 1873ರಲ್ಲಿ ಫಿಲೊಥಿಯೊಸ್ ಬ್ರಿಯೆನ್ನಿಯೊಸ್ ಎಂಬ ಗ್ರೀಕ್ ಗುರುಗಳಿಗೆ ಕಾನ್‌ಸ್ಟಾಂಟಿನೋಪಲ್‌ನ ಒಂದು ಗ್ರಂಥಾಲಯದಲ್ಲಿ 1056ರಲ್ಲಿ ಬರೆದ ಹಸ್ತಪ್ರತಿ ಸಿಕ್ಕಿತು. ಅದರೊಳಗೆ ಇದು ಇತ್ತು. 1883ರಲ್ಲಿ ಅಚ್ಚಾಯಿತು.

16 ಪುಟ್ಟ ಅಧ್ಯಾಯ, ಅಷ್ಟೇ. ಅರ್ಧ ಗಂಟೆ ಸಾಕು. ಆದರೆ ಆ ಅರ್ಧ ಗಂಟೆಯಲ್ಲಿ ಒಂದು ಇಡೀ ಸಭೆಯ ದಿನಚರಿ ಕಾಣುತ್ತದೆ. ಜೀವದ ದಾರಿ ಒಂದು, ಸಾವಿನ ದಾರಿ ಒಂದು ಎಂದು ಶುರುವಾಗುತ್ತದೆ. ತೆಗೆದುಕೊಳ್ಳಲು ಕೈ ಚಾಚಿ, ಕೊಡುವಾಗ ಕೈ ಹಿಂದೆಳೆಯುವವನಾಗಬೇಡ ಎನ್ನುತ್ತದೆ. ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡಿ, ದಿನಕ್ಕೆ ಮೂರು ಸಲ ಕರ್ತನು ಕಲಿಸಿದ ಪ್ರಾರ್ಥನೆ ಹೇಳಿ ಎನ್ನುತ್ತದೆ. ಆಮೇಲೆ ನನಗೆ ತುಂಬಾ ಇಷ್ಟವಾದ ಭಾಗ ಬರುತ್ತದೆ. ಊರೂರು ತಿರುಗುವ ಬೋಧಕ ಮನೆಗೆ ಬಂದರೆ ಏನು ಮಾಡಬೇಕು? ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಅಲ್ಲೇ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ. ದುಡ್ಡು ಕೇಳಿದನೋ, ಆಗಲೂ ಸುಳ್ಳು ಪ್ರವಾದಿ. ನಿಮ್ಮಲ್ಲೇ ನೆಲೆಸಬೇಕು ಅಂತಿದ್ದರೆ ಏನಾದರೂ ಕೆಲಸ ಮಾಡಿ ಉಣ್ಣಲಿ. ಹೀಗೆ ಬರೆದಿದ್ದಾರೆ ಅಂದರೆ ಮೋಸ ಹೋದವರೂ ಇದ್ದರು, ಆದರೂ ಬಾಗಿಲು ಹಾಕಿಕೊಳ್ಳಲು ಮನಸ್ಸಿರಲಿಲ್ಲ. ಮನೆಗೆ ಬಂದವರನ್ನು ಊಟ ಮಾಡಿಸದೆ ಕಳಿಸದ ನಮ್ಮ ಮಲೆನಾಡಿನ ಜನಕ್ಕೆ ಈ ಪೇಚಾಟ ಚೆನ್ನಾಗಿ ಅರ್ಥವಾಗುತ್ತದೆ.

ಒಂಬತ್ತನೇ ಅಧ್ಯಾಯದ ಪ್ರಾರ್ಥನೆಯನ್ನು ಮಾತ್ರ ಗಟ್ಟಿಯಾಗಿ ಓದಿ. ಬೆಟ್ಟಗಳ ಮೇಲೆ ಚದುರಿದ್ದದ್ದು ಒಟ್ಟುಗೂಡಿ ಈ ಒಂದು ರೊಟ್ಟಿಯಾದ ಹಾಗೆ, ಭೂಮಿಯ ಕೊನೆಗಳಿಂದ ನಿನ್ನ ಸಭೆಯೂ ಒಂದಾಗಲಿ ಎಂದು ಅವರು ಬೇಡುತ್ತಾರೆ.

ಎರಡನೆಯದು ಇಗ್ನೇಷಿಯಸ್ ಪತ್ರಗಳು. ಇವರು ಅಂತಿಯೋಕ್ಯದ ಬಿಷಪ್. ಎರಡನೇ ಶತಮಾನದ ಆರಂಭದಲ್ಲಿ ಅವರನ್ನು ಬಂಧಿಸಿ, ಮೃಗಗಳಿಗೆ ಹಾಕಲು ರೋಮಿಗೆ ಎಳೆದುಕೊಂಡು ಹೋದರು. ಹತ್ತು ಮಂದಿ ಸಿಪಾಯಿಗಳು ಕಾವಲು. ಅವರನ್ನು 'ಚಿರತೆಗಳು' ಎಂದು ಬರೆಯುತ್ತಾರೆ, ಒಳ್ಳೆಯದು ಮಾಡಿದಷ್ಟೂ ಇನ್ನೂ ಕೆಟ್ಟವರಾಗುತ್ತಾರಂತೆ. ಈ ಪ್ರಯಾಣದ ನಡುವೆ ಏಳು ಪತ್ರ ಬರೆದರು. ಸ್ಮುರ್ನದಿಂದ ನಾಲ್ಕು, ತ್ರೋವದಿಂದ ಮೂರು. ರೋಮಿನವರಿಗೆ ಬರೆದದ್ದನ್ನು ಮೊದಲು ಓದಿ. ನನ್ನನ್ನು ಬಿಡಿಸಲು ಹೋಗಬೇಡಿ ಎಂದು ಅಂಗಲಾಚುವ ಪತ್ರ ಅದು. ತಾನು ದೇವರ ಗೋಧಿ, ಮೃಗಗಳ ಹಲ್ಲಿನಲ್ಲಿ ಹಿಟ್ಟಾಗಬೇಕು ಎನ್ನುತ್ತಾರೆ. ಓದಿದರೆ ಎದೆ ನಡುಗುತ್ತದೆ. ಕೆಲವರಿಗೆ ಸಾವಿಗೆ ಇಷ್ಟೊಂದು ಆತುರ ಯಾಕೆ ಅನ್ನಿಸಬಹುದು, ನನಗೂ ಆ ಸಾಲುಗಳು ಈಗಲೂ ಕಷ್ಟವೇ. ಹಾಗಂತ ಪುಟ ಹಾರಿಸಬೇಡಿ. ಕೈಗೆ ಸರಪಳಿ ಹಾಕಿಸಿಕೊಂಡವರು ಬರೆದದ್ದು ಎಂಬುದನ್ನು ನೆನಪಿಟ್ಟುಕೊಂಡು ಓದಿ.

ಆ ಏಳರಲ್ಲಿ ಒಂದು ಪತ್ರ ಪಾಲಿಕಾರ್ಪರಿಗೇ ಬರೆದದ್ದು. ಅಲ್ಲಿಂದ ಪಾಲಿಕಾರ್ಪರ ಹುತಾತ್ಮ ವೃತ್ತಾಂತಕ್ಕೆ ಬನ್ನಿ. ಒಂದು ಗಂಟೆ ಕೇಳಿದವರು ಎರಡು ಗಂಟೆ ನಿಂತು ಪ್ರಾರ್ಥಿಸಿದರು, ಕರೆದೊಯ್ಯಲು ಬಂದವರಲ್ಲೇ ಹಲವರಿಗೆ ಇಂಥ ಮುದುಕನನ್ನು ಹಿಡಿಯಲು ಬಂದೆವಲ್ಲ ಎಂದು ಬೇಜಾರಾಯಿತು. ಕ್ರಿಸ್ತನನ್ನು ಬೈದುಬಿಡು, ಬಿಟ್ಟುಬಿಡುತ್ತೇನೆ ಎಂದು ಅಧಿಕಾರಿ ಹೇಳಿದಾಗ ಕೊಟ್ಟ ಉತ್ತರ ಇದು: '86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡನ್ನೂ ಮಾಡಿಲ್ಲ. ನನ್ನನ್ನು ಕಾಪಾಡಿದ ನನ್ನ ಅರಸನನ್ನು ಹೇಗೆ ದೂಷಿಸಲಿ?'

ರೋಮಿನ ಸಭೆಯಿಂದ ಕೊರಿಂಥಕ್ಕೆ ಹೋದ ಪತ್ರವೂ ಇದೆ. ಕ್ಲೆಮೆಂಟ್ ಬರೆದದ್ದು ಎಂದು ಹೆಸರು, ಸುಮಾರು 96ನೇ ಇಸವಿಯದು. 65 ಅಧ್ಯಾಯ, ಸ್ವಲ್ಪ ಎಳೆದ ಹಾಗಿದೆ. ಅದನ್ನು ನಾಲ್ಕನೆಯದಾಗಿ ಇಟ್ಟುಕೊಳ್ಳಿ. ಕೊರಿಂಥದಲ್ಲಿ ಕೆಲವರು ಹಿರಿಯರನ್ನು ಕೆಲಸದಿಂದ ಇಳಿಸಿದ್ದರು, ಅದನ್ನು ಸರಿಪಡಿಸಲು ಬರೆದದ್ದು. ಪೌಲ ಇದೇ ಊರಿಗೆ ಪಂಗಡ ಕಟ್ಟಬೇಡಿ ಎಂದು ಬರೆದಿದ್ದ. ಸುಮಾರು ನಲವತ್ತು ವರ್ಷವಾದರೂ ಅದೇ ಜಗಳ! ನಿಮ್ಮ 'ಆಮೇಲೆ ಏನಾಯ್ತು' ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಎಲ್ಲೂ ಇಲ್ಲ.

ಒಂದು ಮಾತು. ಇವುಗಳ ಬಗ್ಗೆ ಬೇರೆಯವರು ಬರೆದದ್ದನ್ನು ಮೊದಲು ಓದಬೇಡಿ. ಮೊದಲು ಪತ್ರವನ್ನೇ, ಪೂರ್ತಿಯಾಗಿ, ಒಂದೇ ಕೂತಲ್ಲಿ ಓದಿ. ಟಿಪ್ಪಣಿ ಆಮೇಲೆ ನೋಡಿದರೆ ಆಯಿತು.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿನಿ, ಕ್ರೈಸ್ತಳಲ್ಲ. ಇಂಥ ಬರಹಗಳನ್ನು ನಾನು ಓದಿದರೆ ಏನಾದರೂ ಸಿಗುತ್ತದಾ? ಅಥವಾ ಇದು ನಂಬುವವರಿಗೆ ಮಾತ್ರವಾ?
– ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಖಂಡಿತ ಓದಿ ತಂಗಿ. ನಿಮಗೆ ಮೊದಲು ಕ್ರೈಸ್ತರಲ್ಲದವರ ಒಂದು ಪತ್ರವನ್ನೇ ಹೇಳುತ್ತೇನೆ. ಪ್ಲಿನಿ ಎಂಬ ರೋಮನ್ ಅಧಿಕಾರಿ ಈಗಿನ ಟರ್ಕಿಯ ಉತ್ತರ ಭಾಗವನ್ನು ಆಳುತ್ತಿದ್ದ. ಸುಮಾರು 112ರಲ್ಲಿ ಚಕ್ರವರ್ತಿ ತ್ರಾಜಾನನಿಗೆ ಬರೆದು, ಈ ಕ್ರೈಸ್ತರನ್ನು ಏನು ಮಾಡಲಿ ಎಂದು ಕೇಳಿದ. ಅವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಮಾಡುತ್ತಾರೆ ಎಂದು ಬರೆದ. ಇದನ್ನು ತಿಳಿಯಲು ಅವನು ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಅದನ್ನೂ ತಾನೇ ಬರೆದಿದ್ದಾನೆ. ಆ ಇಬ್ಬರು ಹೆಂಗಸರ ಹೆಸರು ಅವನ ಪತ್ರದಲ್ಲಿಲ್ಲ.

ಅದರ ಪಕ್ಕದಲ್ಲೇ ಜಸ್ಟಿನ್ ಎಂಬ ಕ್ರೈಸ್ತ ಬೋಧಕ ತಮ್ಮ ನಂಬಿಕೆಯ ಪರವಾಗಿ ಬರೆದ 'ಮೊದಲ ಸಮರ್ಥನೆ'ಯ 67ನೇ ಅಧ್ಯಾಯ ಇಟ್ಟುಕೊಂಡು ಓದಿ. ಸುಮಾರು 155ರದು. ಭಾನುವಾರ ಊರಿನವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ, ಸಮಯ ಇರುವಷ್ಟು ಹೊತ್ತು ಪ್ರೇಷಿತರ ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಓದುತ್ತಾರೆ, ಎದ್ದು ನಿಂತು ಪ್ರಾರ್ಥಿಸುತ್ತಾರೆ, ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ, ಬರಲಾಗದವರ ಪಾಲನ್ನು ಮನೆಗೆ ಕಳಿಸುತ್ತಾರೆ. ಇದ್ದವರು ಮನಸ್ಸಿದ್ದಷ್ಟು ಕೊಡುತ್ತಾರೆ. ಆ ದುಡ್ಡು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರಊರಿನಿಂದ ಬಂದವರಿಗೆ. ಒಂದೇ ಜನವನ್ನು ಅಧಿಕಾರಿ ಹೊರಗಿನಿಂದ ನೋಡಿದ್ದು ಒಂದು, ಒಳಗಿನವನು ಹೇಳಿದ್ದು ಇನ್ನೊಂದು. ಇತಿಹಾಸ ಓದುವವರಿಗೆ ಹೀಗೆ ಎರಡೂ ಕಡೆ ಸಿಗುವುದು ಅಪರೂಪ ಅಲ್ವಾ?

ಹೆಣ್ಣಿನ ದನಿ ಬೇಕೆಂದರೆ ಪೆರ್ಪೆತುವಾಳನ್ನು ಓದಿ. 203ರಲ್ಲಿ ಕಾರ್ಥೇಜಿನಲ್ಲಿ, ಅಂದರೆ ಈಗಿನ ಟ್ಯೂನಿಸ್ ಹತ್ತಿರ, ಸೆರೆಮನೆಯಲ್ಲಿ ಕೂತು ಬರೆದದ್ದು. ವಯಸ್ಸು ಸುಮಾರು 22. ಎದೆಹಾಲು ಕುಡಿಯುವ ಮಗು. ಅಪ್ಪ ಮತ್ತೆ ಮತ್ತೆ ಬಂದು ಅಳುತ್ತಾನೆ. ಅವಳು ಅಲ್ಲಿದ್ದ ಒಂದು ಪಾತ್ರೆ ತೋರಿಸಿ, ಇದನ್ನು ಇದರ ಹೆಸರು ಬಿಟ್ಟು ಬೇರೆ ಹೆಸರಿಂದ ಕರೆಯಲು ಆಗುತ್ತಾ ಎಂದು ಕೇಳುತ್ತಾಳೆ. ಹಾಗೆಯೇ ನಾನೂ ಕ್ರೈಸ್ತಳಲ್ಲದೆ ಬೇರೇನೂ ಅಲ್ಲ ಎನ್ನುತ್ತಾಳೆ. ಮಗುವನ್ನು ಜೊತೆಗಿಟ್ಟುಕೊಳ್ಳಲು ಬಿಟ್ಟಾಗ ಸೆರೆಮನೆಯೇ ತನಗೆ ಅರಮನೆಯಾಯಿತು ಎಂದು ಬರೆದಿದ್ದಾಳೆ. ಅವಳ ಜೊತೆಗಿದ್ದ ಫೆಲಿಸಿಟಿ ದಾಸಿ, ತುಂಬು ಬಸುರಿ, ಸೆರೆಯಲ್ಲೇ ಹೆತ್ತಳು. ಅಷ್ಟು ಹಳೆಯ ಕಾಲದ ಒಬ್ಬ ಹೆಣ್ಣುಮಗಳು ತನ್ನ ಬಗ್ಗೆ ತಾನೇ ಬರೆದದ್ದು ನಮ್ಮ ಕೈಗೆ ಬಂದಿರುವುದೇ ದೊಡ್ಡದು.

ನಮ್ಮ ದೇಶದ ಪ್ರಸ್ತಾಪವೂ ಇದೆ. ಅಲೆಗ್ಸಾಂಡ್ರಿಯದ ಕ್ಲೆಮೆಂಟ್ (ರೋಮಿನ ಕ್ಲೆಮೆಂಟ್ ಬೇರೆ) ಸುಮಾರು 200ರ ಹೊತ್ತಿಗೆ, ಭಾರತದಲ್ಲಿ ಬುದ್ಧನ ಮಾತನ್ನು ಪಾಲಿಸುವವರಿದ್ದಾರೆ ಎಂದು ಬರೆದಿದ್ದಾರೆ.

ಎಲ್ಲವೂ ಹಿತವಾಗಿಲ್ಲ ಎಂದೂ ಹೇಳಿಬಿಡಬೇಕು. ಬಾರ್ನಬನ ಪತ್ರ ಎಂಬ ಹಳೆಯ ಬರಹದಲ್ಲಿ, ನಾಲ್ಕನೇ ಶತಮಾನದ ಬೋಧಕ ಕ್ರಿಸೊಸ್ತೊಮರ ಕೆಲವು ಪ್ರವಚನಗಳಲ್ಲಿ ಯೆಹೂದ್ಯರ ಬಗ್ಗೆ ಬಿರುಸಾದ ಮಾತುಗಳಿವೆ. ಮುಂದಿನ ಶತಮಾನಗಳಲ್ಲಿ ಅಂಥ ಮಾತುಗಳಿಂದ ಆ ಜನಕ್ಕೆ ತುಂಬಾ ಕೇಡಾಯಿತು. ಕಾರ್ಥೇಜಿನ ಬರಹಗಾರ ತೆರ್ತುಲಿಯನ್ ಹೆಂಗಸರ ಬಗ್ಗೆ ಬರೆದ ಒಂದೆರಡು ಸಾಲು ನಿಮಗೆ ಸಿಟ್ಟು ತರಿಸುತ್ತವೆ, ತರಿಸಲಿ. ದೊಡ್ಡವರು ಬರೆದದ್ದು ಎಂದು ಅದನ್ನು ಮುಚ್ಚಿಡುವುದು ಬೇಡ, ಅದೊಂದನ್ನೇ ಹಿಡಿದು ಉಳಿದದ್ದನ್ನು ಎಸೆಯುವುದೂ ಬೇಡ.

ಪ್ರಶ್ನೆ: ನಾನು ಕಥೋಲಿಕ. ನಮ್ಮ ಭಾವ ಇತ್ತೀಚೆಗೆ ಒಂದು ಹೊಸ ಸಭೆಗೆ ಹೋಗುತ್ತಿದ್ದಾರೆ. ಆದಿಸಭೆಯಲ್ಲಿ ಬಿಷಪ್ಪರೂ ಇರಲಿಲ್ಲ, ತಲೆಗೆ ನೀರು ಹೊಯ್ಯುವುದೂ ಇರಲಿಲ್ಲ, ನೀವೆಲ್ಲ ಆಮೇಲೆ ಸೇರಿಸಿದ್ದು ಅಂತಾರೆ. ಎಲ್ಲವೂ ಮೊದಲಿನಿಂದ ಹೀಗೇ ಇತ್ತು ಅಂತ ನಾನು. ಹಬ್ಬದ ಊಟಕ್ಕೆ ಕೂತರೂ ಇದೇ ವಾದ. ಯಾರು ಸರಿ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ನೀರಿನ ವಿಷಯ ಮೊದಲು. ದಿದಖೆಯ ಏಳನೇ ಅಧ್ಯಾಯ ನೋಡಿ. ಹರಿಯುವ ನೀರಿನಲ್ಲಿ ದೀಕ್ಷಾಸ್ನಾನ ಕೊಡಿ ಎನ್ನುತ್ತದೆ. ಅದು ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟು ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ. ಭಾವನಿಗೆ ಮೊದಲ ಸಾಲು ಸಿಕ್ಕಿತು, ನಿಮಗೆ ಕೊನೆಯದು. ಬರೆದವರಿಗೆ ಮಾತ್ರ ಎರಡೂ ಒಂದೇ ಉಸಿರಿನಲ್ಲಿ ಬಂದಿದೆ.

ಬಿಷಪ್ಪರ ವಿಷಯವೂ ಹಾಗೆಯೇ. ಇಗ್ನೇಷಿಯಸ್ ಪ್ರತಿ ಪುಟದಲ್ಲೂ ಎನ್ನುವಷ್ಟು ಬಿಷಪ್ಪರನ್ನು ಬಿಟ್ಟು ಏನೂ ಮಾಡಬೇಡಿ ಎನ್ನುತ್ತಾರೆ. 'ಕಥೋಲಿಕ ಸಭೆ' ಎಂಬ ಮಾತು ನಮಗೆ ಮೊದಲು ಸಿಗುವುದೂ ಸ್ಮುರ್ನದವರಿಗೆ ಅವರು ಬರೆದ ಪತ್ರದಲ್ಲೇ. ಅದೇ ಪತ್ರದಲ್ಲಿ ಪರಮಪ್ರಸಾದವನ್ನು ಯೇಸುಕ್ರಿಸ್ತನ ಶರೀರ ಎನ್ನುತ್ತಾರೆ. ಇದನ್ನು ನಿಮ್ಮ ಭಾವ ಓದಬೇಕು. ಆದರೆ ದಿದಖೆ ತನ್ನ ಸಭೆಯವರಿಗೆ ನಿಮ್ಮ ಬಿಷಪ್ಪರನ್ನೂ ಸೇವಕರನ್ನೂ ನೀವೇ ಆರಿಸಿಕೊಳ್ಳಿ ಎನ್ನುತ್ತದೆ, ತಿರುಗಾಡುವ ಪ್ರವಾದಿಗಳಿಗೂ ಅಲ್ಲಿ ದೊಡ್ಡ ಜಾಗ ಇದೆ. ರೋಮಿನಿಂದ ಕೊರಿಂಥಕ್ಕೆ ಹೋದ ಪತ್ರ ಹಿರಿಯರ ಬಗ್ಗೆ ಬಹುವಚನದಲ್ಲೇ ಮಾತಾಡುತ್ತದೆ, ಅದರೊಳಗೆ ಕ್ಲೆಮೆಂಟ್ ಎಂಬ ಹೆಸರು ಒಂದು ಕಡೆಯೂ ಬರುವುದಿಲ್ಲ. ಇದನ್ನು ನೀವು ಓದಬೇಕು. ಒಂದೊಂದು ಪಟ್ಟಣದಲ್ಲಿ ಒಂದೊಂದು ರೀತಿ ಇತ್ತು, ನಿಧಾನಕ್ಕೆ ಒಂದು ರೂಪಕ್ಕೆ ಬಂತು.

ವಾದ ಗೆಲ್ಲಲು ಒಂದೊಂದು ಸಾಲು ಕಿತ್ತುಕೊಂಡು ಬಂದರೆ ಇಬ್ಬರಿಗೂ ಸಾಲುಗಳು ಸಿಗುತ್ತಲೇ ಇರುತ್ತವೆ. ಪತ್ರ ಮಾತ್ರ ಇಬ್ಬರೂ ಓದಿರುವುದಿಲ್ಲ. ನಿಮ್ಮಿಬ್ಬರಲ್ಲೂ ಪುಸ್ತಕ ಹುಡುಕುವಷ್ಟು ಆಸಕ್ತಿ ಇದೆ, ಅದು ಎಷ್ಟು ಮನೆಗಳಲ್ಲಿದೆ ಹೇಳಿ? ದಿದಖೆಯನ್ನು ಇಬ್ಬರೂ ಎದುರುಬದುರು ಕೂತು ಮೊದಲಿನಿಂದ ಕೊನೆವರೆಗೆ ಓದಿ. ಹದಿನಾಲ್ಕನೇ ಅಧ್ಯಾಯದಲ್ಲಿ, ಜೊತೆಯವನೊಂದಿಗೆ ಜಗಳ ಇರುವವನು ರಾಜಿಯಾಗುವ ತನಕ ಭಾನುವಾರ ನಿಮ್ಮ ಜೊತೆ ಸೇರಬಾರದು ಎಂದಿದೆ. ಅಲ್ಲಿಗೆ ಬಂದಾಗ ಸ್ವಲ್ಪ ಹೊತ್ತು ನಿಲ್ಲಿ.

ಪ್ರಶ್ನೆ: ನಿಸೇಯ ಸಮ್ಮೇಳನದಲ್ಲಿ ಬೈಬಲಿನ ಪುಸ್ತಕಗಳನ್ನು ವೋಟು ಹಾಕಿ ಆರಿಸಿದರು, ಥೋಮನ ಸುವಾರ್ತೆಯನ್ನು ಮುಚ್ಚಿಟ್ಟರು ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಬಂದಿದೆ. ನಿಜವಾ?
– ಕೊಪ್ಪದ ಓದುಗ

ಉತ್ತರ: ನಿಜ ಅಲ್ಲ. 325ರಲ್ಲಿ ನಿಸೇಯ ಎಂಬ ಊರಿನಲ್ಲಿ ಬಿಷಪ್ಪರ ಸಮ್ಮೇಳನ ಸೇರಿದ್ದು ಮುಖ್ಯವಾಗಿ ದೇವಪುತ್ರನ ಬಗ್ಗೆ ಆರಿಯಸ್ ಎಂಬ ಗುರು ಕಲಿಸುತ್ತಿದ್ದ ವಿಷಯಕ್ಕೆ. ಈಸ್ಟರ್ ಯಾವಾಗ ಎಂಬುದೂ ಚರ್ಚೆಗೆ ಬಂತು. ಅಲ್ಲಿ ಮಾಡಿದ 20 ನಿಯಮಗಳಲ್ಲಿ ಬೈಬಲಿನ ಪಟ್ಟಿ ಇಲ್ಲ. ಅದಕ್ಕೂ ನೂರ ನಲವತ್ತೈದು ವರ್ಷ ಮುಂಚೆಯೇ, ಸುಮಾರು 180ರಲ್ಲಿ, ಲಿಯೋನ್ ಪಟ್ಟಣದ ಬಿಷಪ್ ಐರೇನಿಯಸ್ ಸುವಾರ್ತೆಗಳು ನಾಲ್ಕೇ ಎಂದು ವಾದಿಸಿದ್ದರು. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳ ಪಟ್ಟಿ ಅಲೆಗ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿದೆ. ಅದೇ ಪತ್ರದಲ್ಲಿ ಅವರು, ಪಟ್ಟಿಯಲ್ಲಿ ಇಲ್ಲದಿದ್ದರೂ ಹೊಸದಾಗಿ ಸೇರುವವರು ಓದಲಿ ಎಂದು ಪ್ರೇಷಿತರ ಬೋಧನೆ ಮತ್ತು ಹೆರ್ಮಾಸನ 'ಕುರುಬ' ಎಂಬ ಪುಸ್ತಕವನ್ನು ಹೆಸರಿಸಿದ್ದಾರೆ.

ಥೋಮನ ಸುವಾರ್ತೆಯ ಪೂರ್ತಿ ಪ್ರತಿ 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ ಸಿಕ್ಕಿತು. ಕಾಪ್ಟಿಕ್ ಭಾಷೆಯಲ್ಲಿದೆ, 114 ಮಾತುಗಳು. ಯಾರು ಬೇಕಾದರೂ ಓದಬಹುದು. ನಾಲ್ಕು ಸುವಾರ್ತೆ ಓದಿ, ಆಮೇಲೆ ಇದನ್ನು ಓದಿ. ಇದರಲ್ಲಿ ಯೇಸುವಿನ ಶಿಲುಬೆಯೂ ಇಲ್ಲ, ಪುನರುತ್ಥಾನದ ಕಥೆಯೂ ಇಲ್ಲ. ವ್ಯತ್ಯಾಸ ನಿಮಗೇ ಕಾಣುತ್ತದೆ.

ಪ್ರಶ್ನೆ: ನಮ್ಮ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ನಮ್ಮದು ಸಿರಿಯನ್ ಸಂಪ್ರದಾಯ. ನೀವು ಹೇಳುವುದೆಲ್ಲ ಗ್ರೀಕರು, ರೋಮನ್ನರು. ನಮ್ಮವರು ಯಾರೂ ಬರೆಯಲಿಲ್ಲವಾ?
– ರಿಪ್ಪನ್‌ಪೇಟೆ ಹತ್ತಿರದ ಓದುಗ

ಉತ್ತರ: ಬರೆದಿದ್ದಾರೆ, ಅದೂ ಹಾಡಾಗಿ ಬರೆದಿದ್ದಾರೆ. ಎಫ್ರೇಮರನ್ನು ಹುಡುಕಿ. ನಿಸಿಬಿಸ್ ಮತ್ತು ಎದೆಸ್ಸ ಎಂಬ ಊರುಗಳಲ್ಲಿ ಬಾಳಿದವರು, 373ರಲ್ಲಿ ತೀರಿಕೊಂಡರು. ಬಿಷಪ್ಪರಲ್ಲ, ಡೀಕನ್ (ಸಭೆಯ ಸೇವಕ). ಸಿರಿಯಾಕ್ ಭಾಷೆಯಲ್ಲಿ ನೂರಾರು ಸ್ತುತಿಗೀತೆ ಕಟ್ಟಿದರು, ಹೆಂಗಸರ ಗಾಯಕವೃಂದಕ್ಕೆ ಹೇಳಿಕೊಟ್ಟು ಹಾಡಿಸಿದರು. ಕೊನೆಗಾಲದಲ್ಲಿ ಎದೆಸ್ಸದಲ್ಲಿ ಬರ ಬಂದಾಗ ಸಿರಿವಂತರಿಂದ ದುಡ್ಡು ಕೂಡಿಸಿ ಹಸಿದವರಿಗೆ ಅನ್ನ ಹಾಕಿಸಿದರು. ಒಂದು ಗೀತೆಯಲ್ಲಿ ಥೋಮನ ಅಸ್ಥಿಗಳನ್ನು ಒಬ್ಬ ವ್ಯಾಪಾರಿ ಭಾರತದಿಂದ ಎದೆಸ್ಸಕ್ಕೆ ತಂದದ್ದನ್ನು ಹಾಡುತ್ತಾರೆ. ನಿಮ್ಮ ಮನೆಯ ಹಿರಿಯರಿಗೆ ಆ ಗೀತೆಯನ್ನು ಓದಿ ಹೇಳಿ. ನಿಮ್ಮ ಪೂಜೆಯಲ್ಲಿ ಅದ್ದೈ ಮತ್ತು ಮಾರಿಯವರ ಪ್ರಾರ್ಥನೆ ಇದ್ದರೆ, ಅದು ಇಂದಿಗೂ ಬಳಕೆಯಲ್ಲಿರುವ ಅತಿ ಹಳೆಯ ಪೂಜಾ ಪ್ರಾರ್ಥನೆಗಳಲ್ಲಿ ಒಂದು.

ಪ್ರಶ್ನೆ: ಓದುವ ಆಸೆ ಇದೆ. ಆದರೆ ಆ ಹಳೇ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ. ನಾವು ನಾಲ್ಕೈದು ಮನೆಯವರು ಸಂಜೆ ಜಪಮಾಲೆಗೆ ಸೇರುತ್ತೇವೆ. ಅಲ್ಲಿ ಏನಾದರೂ ಮಾಡಬಹುದಾ?
– ಗೃಹಿಣಿ, ಹೊಸನಗರ

ಉತ್ತರ: ನೀವು ಅರ್ಧ ಕೆಲಸ ಆಗಲೇ ಮಾಡಿದ್ದೀರಿ. ಜನ ಸೇರುತ್ತಿದ್ದಾರಲ್ಲ! ಈ ಪತ್ರಗಳು ಹುಟ್ಟಿದ್ದೇ ಹಾಗೆ, ಸೇರಿದವರ ಮುಂದೆ ಒಬ್ಬರು ಓದಿ ಉಳಿದವರು ಕೇಳಲಿ ಎಂದು. ರೋಮಿನ ಕ್ಲೆಮೆಂಟರ ಪತ್ರವನ್ನು, ಅದು ಬಂದು ಎಪ್ಪತ್ತು ವರ್ಷವಾದ ಮೇಲೂ, ಕೊರಿಂಥದವರು ಭಾನುವಾರ ಓದುತ್ತಿದ್ದರು.

ನೆಟ್‌ನಲ್ಲಿ ಬಿಟ್ಟಿ ಸಿಗುವ ಅನುವಾದಗಳು ಹೆಚ್ಚಾಗಿ 19ನೇ ಶತಮಾನದವು. ಅದಕ್ಕೇ ಆ ಬಿಗಿಯಾದ ಭಾಷೆ. ಈಚಿನ ಅನುವಾದಗಳು ಎಷ್ಟೋ ಸಲೀಸು, ಒಂದು ಪ್ರತಿಯನ್ನು ಎಲ್ಲ ಮನೆಯವರೂ ಸೇರಿ ತರಿಸಿ. ನಿಮ್ಮಲ್ಲಿ ಕಾಲೇಜು ಓದುವ ಮಕ್ಕಳು ಇದ್ದೇ ಇರುತ್ತಾರೆ. ವಾರಕ್ಕೆ ಒಬ್ಬರು ಎರಡು ಅಧ್ಯಾಯ ಮುಂಚೆಯೇ ಓದಿಕೊಂಡು ಬಂದು ಕನ್ನಡದಲ್ಲಿ ಹೇಳಲಿ. ಪದಕ್ಕೆ ಪದ ಬೇಡ, ಕಥೆ ಹೇಳುವ ಹಾಗೆ ಹೇಳಲಿ. ಕೊಂಕಣಿ ಮನೆಯವರಿದ್ದರೆ ಕೊಂಕಣಿಯಲ್ಲೂ ಆಗಲಿ. ಊರುಗಳ ಹೆಸರು ಬಂದಾಗ ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿ. ಸ್ಮುರ್ನ ಅಂದರೆ ಈಗಿನ ಟರ್ಕಿಯ ಇಜ್ಮಿರ್, ಅಂತಿಯೋಕ್ಯ ಅಂದರೆ ಅಂತಾಕ್ಯ. ಅಲ್ಲಿಂದ ರೋಮ್ ಎಷ್ಟು ದೂರ ಎಂದು ಕಂಡ ಮೇಲೆ ಇಗ್ನೇಷಿಯಸ್ ಪತ್ರ ಬೇರೆಯೇ ಆಗಿ ಕೇಳಿಸುತ್ತದೆ.

ದಿಯೊಗ್ನೇತ ಎಂಬವನಿಗೆ ಬರೆದ ಹಳೆಯ ಪತ್ರದ ಐದನೇ ಅಧ್ಯಾಯ ನಿಮ್ಮ ಕೂಟಕ್ಕೆ ಚೆನ್ನಾಗಿ ಹೊಂದುತ್ತದೆ. ಕ್ರೈಸ್ತರಿಗೆ ಬೇರೆ ಊರಿಲ್ಲ, ಬೇರೆ ಭಾಷೆಯಿಲ್ಲ, ಉಡುಗೆ ಊಟದಲ್ಲಿ ಇದ್ದ ಊರಿನ ರೂಢಿಯಂತೆಯೇ ನಡೆಯುತ್ತಾರೆ, ಆದರೂ ಅವರ ಬದುಕು ಬೇರೆ ಎಂದು ಅದು ಹೇಳುತ್ತದೆ. ಇದರ ಒಂದೇ ಹಸ್ತಪ್ರತಿ ಉಳಿದಿತ್ತು, ಅದೂ 1870ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಯುದ್ಧದ ಬೆಂಕಿಗೆ ಸುಟ್ಟುಹೋಯಿತು. ಮುಂಚೆಯೇ ನಕಲು ಮಾಡಿಟ್ಟಿದ್ದರಿಂದ ನಮಗೆ ಸಿಕ್ಕಿದೆ.

ಕೊನೆಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲೇ ಹಿಡಿಯಿರಿ. ಮೊದಲ ವಾರಕ್ಕೆ ಪಾಲಿಕಾರ್ಪರ ವೃತ್ತಾಂತ ಇಡಿ, ಮಕ್ಕಳೂ ಎದ್ದು ಹೋಗದೆ ಕೇಳುತ್ತಾರೆ. ಎರಡನೇ ವಾರದಿಂದ ದಿದಖೆ. ಕರೆಂಟು ಹೋದರೂ ನಿಲ್ಲಿಸಬಾರದು, ಹಾಗಾಗಿ ಓದುವ ಭಾಗವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.